ಆಗುವ ಮಾತು, ಆಗದ ಮಾತು

ಚಟ್ಟಕ್ಕೆ ಹೆಗಲು ಕೊಡಲು ಜಂಪಣ್ಣ ಮೇಷ್ಟ್ರು ಎರಡು ಸಲ ನುಗ್ಗಿದರು. ಬೈಲಪ್ಪ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಜಾಗವನ್ನೇ ಬಿಡಲಿಲ್ಲ. ಜಗಳೂರು, ಸೊಕ್ಕೆಯಿಂದೆಲ್ಲ ಬಂದಿದ್ದರು. ಸತ್ತ ಮೇಲೂ ಇವನ ಸುತ್ತಲೇ ಜನ ಎಂದು ಜಂಪಣ್ಣನವರಿಗೆ ಹೊಟ್ಟೆ ಉರಿಯಿತು.

“ಇಂಗ್ಲಿಷ್ ಅಂದ್ರೆ ಚಳಿಜ್ವರ ಬರ್ತಿತ್ತು ನಮಗೆ,” ಎಂದ ಕಂಡಕ್ಟರ್ ಪಾಪಣ್ಣ. “ಆಗೋ ಮಾತಾದ್ರೆ ಬಾಗಿಲಿಗೆ ಓಡ್ರಿ, ಆಗದ ಮಾತಾದ್ರೆ ಗೋಡೆಗೆ ಓಡ್ರಿ ಅಂತಿದ್ರು. ಈಗ್ಲೂ ನೆನಪೈತೆ. ನೀವೂ ಅದೇ ಸ್ಕೂಲ್ನಾಗೆ ಇದ್ರೇನ್ರಿ?”

“ಪಕ್ಕದ ಕೋಣೆಯಾಗೆ,” ಎಂದರು ಜಂಪಣ್ಣ.

*

1978ರಲ್ಲಿ ಬಿಳಿಚೋಡಿನ ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಪಾಠ, ಒಂದೇ ಹೊತ್ತು.

“ಇಫ್ ಇಟ್ ರೇನ್ಸ್, ವಿ ಶಲ್ ಸೋ ರಾಗಿ!” ಎಂದು ಬೈಲಪ್ಪ ಕೂಗಿದರೆ ಮಕ್ಕಳು ದಡಬಡ ಬಾಗಿಲಿಗೆ. “ಇಫ್ ಐ ವರ್ ದಿ ತಹಸೀಲ್ದಾರ್, ಐ ವುಡ್ ಕ್ಲೋಸ್ ದಿ ಸ್ಕೂಲ್!” ಎಂದರೆ ಬಿದ್ದು ಬಿದ್ದು ನಗುತ್ತ ಗೋಡೆಗೆ.

ಆ ಗೋಡೆಯ ಆಚೆ ಜಂಪಣ್ಣ ಗೈಡು ನೋಡಿ ಬರೆಸುತ್ತಿದ್ದರು. ಅವರ ಮಕ್ಕಳ ಕಿವಿಯೆಲ್ಲ ಈಚೆಗೆ. ಒಂದು ದಿನ ತಾವೂ ಓಡಿಸಿ ನೋಡಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಅದೇ ವಾರ ಶಿಕ್ಷಣ ಇಲಾಖೆಯ ಸಾಹೇಬರಿಗೆ ಮೂಗರ್ಜಿ ಬರೆದರು: ಬೈಲಪ್ಪ ಪಾಠ ಬಿಟ್ಟು ಆಟ ಆಡಿಸುತ್ತಾರೆ.

ಕವರನ್ನು ಅಂಚೆಗೆ ಹಾಕಿದ್ದು ಜವಾನ ದಾಸಪ್ಪ. ಓದು ಬಾರದ ಅವನಿಗೆ ಅದೇನೆಂದು ಗೊತ್ತಿರಲಿಲ್ಲ. ಸಾಹೇಬರ ಹೆಸರಿದ್ದ ಆ ಕವರನ್ನು ಅವನು ಡಬ್ಬಿಗೆ ಹಾಕಿದ್ದನ್ನು ಮಾತ್ರ ಕಂಡವರಿದ್ದರು. ಬೈಲಪ್ಪನಿಗೆ ಹೊನ್ನಾಳಿಗೆ ವರ್ಗವಾಯಿತು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಏಳು ವರ್ಷ ಬಾಡಿಗೆ ಕೋಣೆಯಲ್ಲಿದ್ದು, ಅಲ್ಲೇ ಎದೆನೋವಿಗೆ ಒಬ್ಬನೇ ಸತ್ತ.

*

ಊರಿನ ಮಸಣದಲ್ಲಿ, ಗುಂಡಿಯ ಹತ್ತಿರ ದಾಸಪ್ಪ ಒಂದು ಹಿಡಿ ಮಣ್ಣು ಎತ್ತಿಕೊಂಡು ಬಂದ. ಬೈಲಪ್ಪನ ಹೆಂಡತಿ ಭೀಮಕ್ಕ ಅಡ್ಡ ನಿಂತಳು.

“ನೀನು ಮಣ್ಣು ಹಾಕಬ್ಯಾಡ. ಅರ್ಜಿ ಬರೆಸಿ ಹಾಕ್ದೋನು ನೀನೇ ಅಂತ ಊರಿಗೆಲ್ಲ ಗೊತ್ತೈತೆ. ಆ ವರ್ಗ ಆಗ್ದಿದ್ರೆ ನಮ್ಮನೆಯವ್ರು ಹಿಂಗೆ ದಿಕ್ಕಿಲ್ದಂಗೆ ಸಾಯ್ತಿರಲಿಲ್ಲ.”

“ನಮ್ಮವ್ವನಾಣೆ ನಂಗೇನೂ ಗೊತ್ತಿಲ್ಲಮ್ಮ. ಮೇಷ್ಟ್ರುಗಳು ದಿನಾ ಕವರ್ ಕೊಡ್ತಿದ್ರು, ಹಾಕ್ತಿದ್ದೆ.”

ಜಂಪಣ್ಣನವರಿಗೆ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ದಾಸಪ್ಪನ ಮೇಲಿನ ಅಪವಾದ ಇವತ್ತಿಗೆ ತೀರುತ್ತದೆ. ಸುತ್ತಲೂ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಜನರನ್ನು ನೋಡಿದರು. ಇಷ್ಟು ಜನರೆದುರು ತಮ್ಮ ಹೊಟ್ಟೆಕಿಚ್ಚು ಒಪ್ಪಿಕೊಂಡು ಬೈಲಪ್ಪನನ್ನು ಇನ್ನೂ ದೊಡ್ಡವನನ್ನಾಗಿ ಮಾಡುವುದೇ?

“ನೀವು ಬರ್ರಿ ಮೇಷ್ಟ್ರೆ,” ಭೀಮಕ್ಕ ಕರೆದಳು. “ಅವರ ಜತೆಗಿದ್ದೋರು ನೀವು.”

ಜಂಪಣ್ಣ ಬಗ್ಗಿ ಮೂರು ಹಿಡಿ ಮಣ್ಣು ಹಾಕಿದರು. ಕೈ ಕೊಡವಿಕೊಂಡು ತಿರುಗಿದಾಗ ದಾಸಪ್ಪ ಅಲ್ಲೇ ನಿಂತಿದ್ದ. ಮುಚ್ಚಿದ ಮುಷ್ಟಿಯ ಸಂದಿಯಿಂದ ಮಣ್ಣು ಅವನ ಕಾಲ ಮೇಲೆಯೇ ಉದುರುತ್ತಿತ್ತು.