ಏಳನೆಯ ಎಲೆ

ಯಂತ್ರ ಮತ್ತೆ ಕಿರುಚಿತು.

ವಿದ್ಯುತ್ ಚಿತಾಗಾರದ ನೌಕರ ಲೋಹ ಪತ್ತೆಹಚ್ಚುವ ಉದ್ದ ಹಿಡಿಯ ಆ ಯಂತ್ರವನ್ನು ಮೇಸ್ತ್ರಿಯ ಎದೆಯ ಮೇಲಿಂದ ಎತ್ತಿ, ನೆರೆದವರನ್ನೆಲ್ಲ ಒಂದು ಸುತ್ತು ನೋಡಿದ. ಇದು ಮೂರನೆಯ ಸಲ. ಮೊದಲ ಸಲಕ್ಕೆ ಅಂಗಿಯ ಜೇಬಿನಿಂದ ನಾಲ್ಕು ಸ್ಕ್ರೂ ಹೊರಬಂದಿದ್ದವು. ಎರಡನೆಯ ಸಲಕ್ಕೆ ಪ್ಯಾಂಟಿನ ಜೇಬಿನಿಂದ ಒಂದು ಸ್ಪ್ರಿಂಗು. ಸತ್ತ ಮೇಲೂ ಮೇಸ್ತ್ರಿಯ ಜೇಬು ಬರಿದಾಗಲು ಒಪ್ಪುತ್ತಿರಲಿಲ್ಲ.

"ಕಬ್ಬಿಣ ಒಳಗೆ ಹೋದ್ರೆ ಒಲೆ ಹಾಳಾಗುತ್ತೆ ಸ್ವಾಮಿ. ಇನ್ನೇನಿಟ್ಟಿದ್ದೀರಿ, ಹೇಳಿಬಿಡಿ. ನನಗೂ ಊಟದ ಹೊತ್ತಾಯ್ತು," ಎಂದ ನೌಕರ.

ಎಲ್ಲರೂ ದರ್ಜಿಯ ಮುಖ ನೋಡಿದರು. ಮೂವತ್ತು ವರ್ಷದಿಂದ ಮೇಸ್ತ್ರಿಯ ಅಂಗಿ ಹೊಲಿದವನು ಅವನೇ. ಯಾವ ಅಂಗಿಯಲ್ಲಿ ಎಷ್ಟು ಜೇಬು, ಎಲ್ಲೆಲ್ಲಿ ಎಂಬುದು ಅವನೊಬ್ಬನಿಗೆ ಗೊತ್ತು. ದರ್ಜಿ ಕೆಮ್ಮಿದ.

"ಒಳಮಗ್ಗುಲಲ್ಲಿ ಇನ್ನೊಂದಿದೆ, ಎಡಗಡೆ. ಆದ್ರೆ ಅದರಲ್ಲಿ ಇಟ್ಟಿದ್ದು ನಾನಲ್ಲಪ್ಪ."

"ನಾನೇ ಇಟ್ಟೆ," ಎಂದ ಮೇಸ್ತ್ರಿಯ ತಮ್ಮ. ಅವನು ಬಸ್ಸಿನ ಡ್ರೈವರು. ಎಲ್ಲೇ ನಿಂತರೂ ಸೀಟಿನಲ್ಲಿ ಕೂತವನ ಹಾಗೆಯೇ ಕಾಣುತ್ತಿದ್ದ. "ಅದಿಲ್ದೆ ಅಣ್ಣ ಪಕ್ಕದ ಬೀದಿಗೂ ಹೋದವನಲ್ಲ. ಇಷ್ಟು ದೂರ ಬರಿಗೈಲಿ ಹೆಂಗೆ ಕಳಿಸೋದು?"

ದರ್ಜಿ ಎರಡು ಬೆರಳು ತೂರಿಸಿ, ಗುಂಡಿ ಬಿಚ್ಚದೆಯೇ ಬೆರಳುದ್ದದ ಒಂದು ಉಕ್ಕಿನ ಸಾಮಾನನ್ನು ಹೊರತೆಗೆದ. ತೆಗೆದವನಿಗೆ ಯಾರ ಕೈಗೆ ಕೊಡಬೇಕೆಂದು ತಿಳಿಯಲಿಲ್ಲ. ಕಡೆಗೆ ಗೋಡೆಯ ಬದಿಯ ಬೆಂಚಿನಲ್ಲಿ ಕೂತಿದ್ದ ಮೇಸ್ತ್ರಿಯ ಹೆಂಡತಿಯ ಕೈಯಲ್ಲಿಟ್ಟ. ಆಕೆ ಅದನ್ನು ನೋಡಲೂ ಇಲ್ಲ. ಹದಿನೆಂಟು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆಕೆಯ ಬೆನ್ನು ಬೆಂಚಿನ ಆಕಾರಕ್ಕೆ ಬಂದಿತ್ತು. ಈಗ ಯಾವ ಬೆಂಚು ಸಿಕ್ಕರೂ ಅದು ತನಗೆ ಅಳತೆ ಹಿಡಿದೇ ಮಾಡಿಸಿದ್ದು ಅನ್ನಿಸುತ್ತಿತ್ತು.

ಮಗಳು ಮೇಜಿನ ಬಳಿ ನಿಂತು ಏಳನೆಯ ಕಾಗದಕ್ಕೆ ಸಹಿ ಹಾಕುತ್ತಿದ್ದಳು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕೈಯಲ್ಲಿದ್ದ ಪಟ್ಟಿಯಲ್ಲಿ ಮಾಡಿದ ಕೆಲಸಗಳಿಗೆಲ್ಲ ಗೆರೆ ಎಳೆಯುತ್ತಿದ್ದಳು. ಅಳುವುದನ್ನು ಪಟ್ಟಿಯಲ್ಲಿ ಬರೆದುಕೊಳ್ಳಲು ಮರೆತಿದ್ದಳೇನೋ.

ಯಂತ್ರ ಈ ಸಲ ಸುಮ್ಮನಿತ್ತು. ಒಲೆಯ ಬಾಗಿಲು ಮುಚ್ಚಿಕೊಂಡಿತು.

*

ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಒಂದು ಬೆಂಚು, ಸಾಮಾನು ಕಚ್ಚಿ ಹಿಡಿಯುವ ಒಂದು ವೈಸು, ಕಬ್ಬಿಣ ಉಜ್ಜುವ ನಾಲ್ಕೈದು ಅರ. ಇಷ್ಟು ಇಟ್ಟುಕೊಂಡು ಮೇಸ್ತ್ರಿ ಜೀವನವಿಡೀ ಒಂದೇ ಸಾಮಾನು ಮಾಡಿದ. ಬೆರಳುದ್ದದ ಎರಡು ಉಕ್ಕಿನ ಪಟ್ಟಿ, ಅವುಗಳ ನಡುವೆ ಮಡಚಿ ಕೂತ ಏಳು ಎಲೆ. ಹೆಸರೂ ಏಳೆಲೆ. ಚಾಕು, ಕತ್ತರಿ, ಅರ, ದಬ್ಬಣ, ಸ್ಕ್ರೂ ತಿರುಗಿಸುವುದು, ಡಬ್ಬಿಯ ಮುಚ್ಚಳ ಎಬ್ಬಿಸುವುದು: ಈ ಆರು ಎಲೆ ಎಲ್ಲರಿಗೂ ಒಂದೇ. ಏಳನೆಯದು ಬರೀ ಪಟ್ಟಿ. ಮೊನೆಯಿಲ್ಲ, ಹರಿತವಿಲ್ಲ.

"ಇದನ್ಯಾಕೆ ಹಿಂಗೇ ಬಿಟ್ರಿ ಮೇಸ್ತ್ರಿ?" ಎಂದು ಹೊಸ ಗಿರಾಕಿ ಕೇಳಿಯೇ ಕೇಳುತ್ತಿದ್ದ.

"ನಿಮಗೇನು ಕಮ್ಮಿಯಾಗಿದೆ ಅಂತ ನಿಮಗೇ ಗೊತ್ತಿಲ್ಲ, ನನಗೆ ಹೆಂಗೆ ಗೊತ್ತಾಗ್ಬೇಕು? ಜೇಬಲ್ಲಿಟ್ಕೊಂಡು ಒಂದು ವರ್ಷ ಓಡಾಡಿ. ಯಾವತ್ತು 'ಥೂ, ಇಂಥದೊಂದು ಇದ್ದಿದ್ರೆ' ಅನ್ನಿಸುತ್ತೋ ಅವತ್ತು ಬನ್ನಿ. ಅರ ಹಾಕಿ ಕೊಡ್ತೀನಿ."

ಜನ ಬರುತ್ತಿದ್ದರು. ವರ್ಷಕ್ಕೆ, ಎರಡು ವರ್ಷಕ್ಕೆ, ನಾಚಿಕೊಂಡು ಬರುತ್ತಿದ್ದರು. ಬೆಂಚಿನ ಮುಂದೆ ಕೂತು ತಮ್ಮ ಗೋಳು ಹೇಳಿಕೊಳ್ಳುತ್ತಿದ್ದರು. ಊರಿನ ಅರ್ಧ ಗುಟ್ಟು ಮೇಸ್ತ್ರಿಗೆ ಗೊತ್ತಾಗಿದ್ದು ಹೀಗೆ. ಏಳೆಲೆಯ ಒಡೆಯ ತೀರಿಕೊಂಡರೆ ಅದು ಯಾರಿಗೆ ಸೇರಬೇಕು ಎಂಬುದಕ್ಕೂ ಮೇಸ್ತ್ರಿಯದೇ ಒಂದು ಕಟ್ಟಳೆ ಇತ್ತು: ಏಳನೆಯ ಎಲೆ ಯಾತಕ್ಕೆ ಮಾಡಿಸಿದ್ದು ಎಂದು ಸರಿಯಾಗಿ ಹೇಳಿದವರಿಗೆ. ಮೂರು ಜನ ಗಂಡುಮಕ್ಕಳಿದ್ದ ಒಬ್ಬ ಕಂಟ್ರಾಕ್ಟರನ ಏಳೆಲೆ ಕೊನೆಗೆ ಅವನ ಅಡಿಗೆಯವಳಿಗೆ ಹೋಗಿತ್ತು. ಮಕ್ಕಳು ಒಂದು ತಿಂಗಳು ಮೇಸ್ತ್ರಿಯ ಜೊತೆ ಮಾತು ಬಿಟ್ಟಿದ್ದರು.

ಹೆಂಡತಿಗೆ ಮಾತ್ರ ಮೇಸ್ತ್ರಿ ಏಳೆಲೆ ಮಾಡಿಕೊಡಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದ. "ನನಗೆ ಎರಡು ಕೈಯಿವೆ, ಸಾಕು," ಎಂದಿದ್ದಳು ಆಕೆ. ಎರಡನೆಯ ಸಲ ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ. ನಲವತ್ತೊಂದು ವರ್ಷ ಹೋಯಿತು.

*

ಬೂದಿ ಸಿಗಲು ಎರಡು ಗಂಟೆ ಎಂದಿದ್ದರು. ಕಾಯುವ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕೂತ ಗಂಡಸರೆಲ್ಲ ಒಬ್ಬೊಬ್ಬರಾಗಿ ಜೇಬಿನಿಂದ ತಮ್ಮ ತಮ್ಮ ಏಳೆಲೆ ತೆಗೆದರು.

"ನಂದು ಲಾಡಿ ತೂರಿಸೋ ಕಡ್ಡಿ," ಎಂದ ದರ್ಜಿ. "ಮುಂಚೆ ಪಿನ್ನು ಸಿಕ್ಕಿಸಿ ತೂರಿಸ್ತಿದ್ದೆ. ಒಂದ್ಸಲ ನಗರಸಭೆ ಅಧ್ಯಕ್ಷರ ಪೈಜಾಮದೊಳಗೆ ಪಿನ್ನು ಉಳ್ಕೊಂಡುಬಿಡ್ತು. ಭಾಷಣಕ್ಕೆ ಮುಂಚೆ ಕೂತ್ರು, ಕೂತ ವೇಗದಲ್ಲೇ ಎದ್ರು, ಎರಡೇ ಮಾತಾಡಿ ಮನೆಗೆ ಹೋದ್ರು. ಅಷ್ಟು ಒಳ್ಳೆ ಭಾಷಣ ಈ ಊರು ಕೇಳೇ ಇಲ್ಲ ಅಂತ ಜನ ಚಪ್ಪಾಳೆ ತಟ್ಟಿದ್ರು. ಮಾರನೇ ದಿನ ಮೇಸ್ತ್ರಿ ಹತ್ರ ಓಡಿದೆ."

"ನಂದು ಬೆನ್ನು ಕೆರೆಯೋದು," ಎಂದ ಡ್ರೈವರು ಮೈದುನ. "ನಗಬೇಡಿ. ಎಂಬತ್ತು ಜನರನ್ನ ಕೂರಿಸ್ಕೊಂಡು ಇಳಿಜಾರಲ್ಲಿ ಇಳಿಯುವಾಗ ಬೆನ್ನು ನವೆಯಾದ್ರೆ ಏನು ಮಾಡ್ತೀರಿ? ಅಣ್ಣ ಟೇಪು ಹಿಡ್ದು ನನ್ನ ಬೆನ್ನು ಅಳೆದ. ಅಲ್ಲಿಂದೀಚೆಗೆ ಹದಿನಾರು ವರ್ಷ ಒಂದೇ ಒಂದು ಆಕ್ಸಿಡೆಂಟಿಲ್ಲ."

ಹಲ್ಲಿನ ಡಾಕ್ಟರು ತಮ್ಮದನ್ನು ಬಿಚ್ಚಿ ತೋರಿಸಿದರು. ಏಳನೆಯದು ಬರೀ ಪಟ್ಟಿಯಾಗಿಯೇ ಇತ್ತು.

"ಇಪ್ಪತ್ತೆರಡು ವರ್ಷ ಆಯ್ತು. ಪ್ರತಿ ವರ್ಷ ಬಂದು ಕೂತ್ಕೋತಿದ್ದೆ. 'ಗೊತ್ತಾಯ್ತಾ ಡಾಕ್ಟ್ರೇ?' ಅಂತಿದ್ರು. ಇಲ್ಲ ಅಂತಿದ್ದೆ. 'ಅವಸರ ಏನಿಲ್ಲ' ಅಂತಿದ್ರು." ಡಾಕ್ಟರು ಪಟ್ಟಿಯನ್ನು ಮಡಚಿದರು. "ಈಗ ಗೊತ್ತಾದ್ರೂ ಯಾರ ಹತ್ರ ಹೋಗ್ಲಿ?"

ಸ್ವಲ್ಪ ಹೊತ್ತಾದ ಮೇಲೆ ಮೈದುನ ಬೆಂಚಿನ ಕಡೆ ಸರಿದ.

"ಅತ್ತಿಗೆ, ಅಣ್ಣಂದು ಒಂಚೂರು ಕೊಡ್ತೀರಾ? ಕಟ್ಟಳೆ ಕಟ್ಟಳೆನೇ. ಯಾರು ಹೇಳ್ತಾರೋ ನೋಡೋಣ."

ಆಕೆ ಕೊಟ್ಟಳು. ಅದು ಕೈಯಿಂದ ಕೈಗೆ ಹೋಯಿತು. ಚಾಕು ಸವೆದು ಅರ್ಧವಾಗಿತ್ತು. ಕತ್ತರಿಯ ಹಿಡಿ ಬೆರಳು ತಾಗಿ ತಾಗಿ ಹೊಳೆಯುತ್ತಿತ್ತು. ಏಳನೆಯ ಎಲೆ ಮಾತ್ರ ನಿನ್ನೆ ಮಾಡಿದ್ದರ ಹಾಗಿತ್ತು: ಉದ್ದಕ್ಕೆ, ಉಗುರಿನಷ್ಟು ತೆಳ್ಳಗೆ, ತುದಿಯಲ್ಲಿ ಚೂರೇ ಚೂರು ಬಾಗಿಸಿ. ಉಕ್ಕನ್ನು ಕಾಯಿಸಿ ಹದ ಹಾಕಿದಾಗ ಹತ್ತಿದ ನೀಲಿ ಬಣ್ಣ ಒಂದು ಗೀರೂ ಇಲ್ಲದೆ ಹಾಗೇ ಇತ್ತು. ಮೇಸ್ತ್ರಿ ಎಣ್ಣೆ ಮಾತ್ರ ತಪ್ಪದೆ ಸವರಿದ್ದ.

"ಚರಂಡಿಗೆ ಬಿದ್ದ ಉಂಗುರ ಎತ್ತೋದು," ಎಂದ ದರ್ಜಿ.

"ಅದಲ್ಲ," ಎಂದ ಮೈದುನ. ಎಲೆಯನ್ನು ಕಾಯುವ ಕೋಣೆಯ ಬಾಗಿಲ ಸಂದಿಗೆ ಹಿಡಿದು ನೋಡಿದ. "ಚಿಲಕ ಎತ್ತೋದು ಕಣ್ರೀ ಇದು. ಹೊರಗಿನಿಂದ. ನಾನೊಂದ್ಸಲ ಕೇಳಿದ್ದೆ. 'ಉಪಯೋಗಕ್ಕೆ ಬರದೇ ಇರ್ಲಿ ಅಂತಾನೇ ಮಾಡಿದ್ದು ಕಣೋ' ಅಂದ."

"ಯಾರ ಮನೆ ಬಾಗಿಲಿಂದು?"

"ಅದು ಹೇಳ್ಲಿಲ್ಲ."

"ಅಂದ್ರೆ ಹೋಗಬಾರದ ಮನೇದು," ಎಂದುಬಿಟ್ಟ ದರ್ಜಿ. ಅಂದ ಮೇಲೆ ಬೆಂಚಿನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. "ತಮಾಷೆಗೆ ಅಂದೆ ಅಕ್ಕ."

"ಗೊತ್ತು ಬಿಡಪ್ಪ," ಎಂದಳು ಆಕೆ.

ಆದರೆ ಆಕೆ ಮನಸ್ಸಿನಲ್ಲೇ ತನ್ನ ಮನೆಯ ಬಾಗಿಲುಗಳನ್ನೆಲ್ಲ ಒಂದು ಸುತ್ತು ನೋಡಿ ಬಂದಳು. ಮುಂಬಾಗಿಲಿಗೆ ಬೀಗ. ಹಿಂಬಾಗಿಲಿಗೆ ಅಡ್ಡ ಅಗುಳಿ, ಅದನ್ನು ಎತ್ತಲು ಎರಡು ಕೈ ಬೇಕು. ಅಡಿಗೆ ಮನೆಗೆ ಬಾಗಿಲೇ ಇಲ್ಲ. ಇಷ್ಟು ವರ್ಷ ಎದೆಗೆ ತಾಗುವ ಜೇಬಿನಲ್ಲಿಟ್ಟುಕೊಂಡು, ಎಣ್ಣೆ ಹಚ್ಚಿ ಕಾಪಾಡಿದ ಎಲೆ ಯಾರ ಚಿಲಕದ್ದು? ಎಲ್ಲರ ಗೋಳನ್ನೂ ಕೇಳಿದವನ ಗೋಳು ಯಾವ ಬಾಗಿಲ ಹಿಂದಿತ್ತು? ಈ ವಯಸ್ಸಿನಲ್ಲಿ, ಈ ದಿನ, ಇದೊಂದು ಬೇರೆ ತಿಳಿಯಬೇಕಾಗಿತ್ತೇ ಅನ್ನಿಸಿತು. ಹೊಟ್ಟೆಕಿಚ್ಚು ಪಡಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಆಕೆಗೆ ಅದೂ ಉಳಿದಿರಲಿಲ್ಲ. ಕೈಚಾಚಿ ಏಳೆಲೆಯನ್ನು ವಾಪಸು ತೆಗೆದುಕೊಂಡಳು.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಮಗಳು ಎಲ್ಲರಿಗೂ ಕುರ್ಚಿ ಹಾಕಿಸಿದಳು, ನೀರು ಕೊಟ್ಟಳು, ಪಟ್ಟಿ ತೆಗೆದು ಕೊನೆಯ ಗೆರೆ ಎಳೆದಳು. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು.

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಮೈದುನ ಹೋಗಿ ಬಾಗಿಲು ಬಡಿದ.

"ಮಗಾ, ಹುಷಾರಾಗಿದ್ದೀಯಾ?"

ಒಳಗಿಂದ ನೀರಿನ ಸದ್ದು. ಅದರ ಅಡಿಯಲ್ಲಿ, ಬಾಯಿಗೆ ಬಟ್ಟೆ ಒತ್ತಿಕೊಂಡವರ ಅಳು.

"ಹೋಗಿ ಚಿಕ್ಕಪ್ಪ," ಎಂದಿತು ದನಿ.

"ಒದ್ದು ತೆಗೀಲಾ ಅತ್ತಿಗೆ?"

"ಬೇಡ," ಎಂದಳು ಆಕೆ. ಎದ್ದು, ಗೋಡೆ ಹಿಡಿದುಕೊಂಡು ಬಂದು ಬಾಗಿಲ ಮುಂದೆ ನಿಂತಳು. ಮುಚ್ಚಿದ ಆ ಬಾಗಿಲನ್ನು ಹೊರಗಿನಿಂದ ಹೀಗೆ ನಿಂತು ನೋಡಿದ್ದು ಆಕೆಗೆ ನೆನಪೇ ಇರಲಿಲ್ಲ. ಆ ಬಾಗಿಲ ವಿಷಯದಲ್ಲಿ ಯಾವಾಗಲೂ ಆಕೆ ಒಳಗಿನವಳು.

*

ಬಹಳ ವರ್ಷದ ಹಿಂದೆ, ಎರಡನೆಯ ಮಗು ಉಳಿಯದೇ ಹೋದ ವಾರ. ಆಸ್ಪತ್ರೆಯಿಂದ ಬಂದವಳು ಸೀದಾ ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಮೇಸ್ತ್ರಿ ಬಾಗಿಲು ಬಡಿಯಲಿಲ್ಲ, ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಗರಗರ ಎಂದು ಅರದ ಸದ್ದು ಶುರುವಾಯಿತು. ಮೂರು ಗಂಟೆ ಹೊತ್ತು ನಿಲ್ಲಲಿಲ್ಲ.

ಆಕೆ ಹೊರಗೆ ಬಂದಾಗ ಅವನು ಬಾಗಿಲ ಪಕ್ಕದಲ್ಲೇ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದ. ನಾಲ್ಕು ವರ್ಷದ ಮಗಳು ಅವನ ತೊಡೆಗೆ ಒರಗಿ ನಿದ್ದೆ ಹೋಗಿದ್ದಳು. ಅವಳ ಕೂದಲ ತುಂಬ ಕಬ್ಬಿಣದ ಪುಡಿ. ಅವನು ಕೈಯಲ್ಲಿದ್ದುದನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಚಹಾ ಮಾಡ್ಲಾ?" ಎಂದ.

ಆಕೆ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಹೆಂಡತಿ ಒಳಗೆ ಸಾಯುತ್ತಿದ್ದರೂ ಈ ಮನುಷ್ಯನಿಗೆ ಕೆಲಸವೇ ಕೆಲಸ ಎಂದುಕೊಂಡಳು. ಆಮೇಲೂ ಯಾವಾಗ ಬಚ್ಚಲು ಸೇರಿದರೂ ಐದು ನಿಮಿಷಕ್ಕೆ ಸರಿಯಾಗಿ ಹೊರಗೆ ಗರಗರ. ಬೇಕೆಂದೇ ಗೋಳು ಹೊಯ್ದುಕೊಳ್ಳುತ್ತಾನೆ ಎಂದು ಹಲ್ಲು ಕಚ್ಚುತ್ತಿದ್ದಳು.

ಆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಸಂದಿತ್ತು. "ಚಳಿಗಾಳಿ ಒಳಗೆ ಬರುತ್ತೆ, ಒಂದು ಪಟ್ಟಿ ಹೊಡೀರಿ," ಎಂದು ಆಕೆ ನೂರು ಸಲ ಹೇಳಿದ್ದಳು. "ನಾಳೆ," ಎನ್ನುತ್ತಿದ್ದ ಅವನು. ಊರಿಗೆಲ್ಲ ಮೇಸ್ತ್ರಿ, ತನ್ನ ಮನೆಯ ಒಂದು ಸಂದು ಮುಚ್ಚಲಾರ ಎಂದು ಆಕೆ ಬಂದ ನೆಂಟರಿಗೆಲ್ಲ ಹೇಳಿ ನಗಿಸಿದ್ದಳು.

*

ಆಕೆ ಏಳೆಲೆ ಬಿಚ್ಚಿ ಏಳನೆಯ ಎಲೆಯನ್ನು ಆ ಸಂದಿಗಿಟ್ಟಳು. ತಳ್ಳಬೇಕಾಗಲಿಲ್ಲ. ಬಾಗಿದ ತುದಿ ಚೌಕಟ್ಟಿನ ಅಂಚು ಬಳಸಿಕೊಂಡು, ಹಳೆಯ ಚಪ್ಪಲಿಗೆ ಕಾಲು ಹೋಗುವ ಹಾಗೆ ಒಳಗೆ ಹೋಯಿತು, ಚಿಲಕದ ಪಟ್ಟಿಯ ಅಡಿಗೆ ಹೋಗಿ ನಿಂತಿತು. ಪಟ್ಟಿಯ ಭಾರ ಆಕೆಯ ಬೆರಳಿಗೆ ತಿಳಿಯಿತು. ಒಂದು ಕೂದಲೆಳೆಯಷ್ಟು ಎತ್ತಿದರೆ ಸಾಕಿತ್ತು.

ಆಕೆ ಹಾಗೇ ನಿಂತಳು. ಎಷ್ಟು ಸಲ ಒಳಗೆ ಕೂತಿದ್ದಳೋ ಲೆಕ್ಕವಿಲ್ಲ. ಅಷ್ಟೂ ಸಲ ಈ ಎಲೆ ಇಲ್ಲೇ, ಈ ಮರದ ಈಚೆ ಬದಿಗೆ, ಅವನ ಜೇಬಿನಲ್ಲಿತ್ತು. ಒಂದು ಗೀರೂ ಬಿದ್ದಿರಲಿಲ್ಲ.

"ಸಿಕ್ತಾ ಅತ್ತಿಗೆ? ಎತ್ತಿ, ಎತ್ತಿ," ಎಂದ ಮೈದುನ ಹಿಂದಿನಿಂದ.

ಆಕೆ ಎಲೆಯನ್ನು ಮೆಲ್ಲಗೆ, ಮರಕ್ಕೆ ತಾಗದಂತೆ ಹೊರಗೆಳೆದುಕೊಂಡಳು. ಮಡಚಿದಳು.

"ಆ ಸ್ಟೂಲು ತಗೊಂಬಾ," ಎಂದಳು.

ಮೈದುನ ತಂದಿಟ್ಟ. ದರ್ಜಿ ಮುಚ್ಚಿದ ಏಳೆಲೆಯನ್ನೂ ಬಾಗಿಲನ್ನೂ ಸಂದನ್ನೂ ಒಂದಾದ ಮೇಲೊಂದು ನೋಡಿದ. ಊರಿನ ಯಾವ ವಿಷಯಕ್ಕೂ ಬಾಯಿ ಮುಚ್ಚದವನು ಇಷ್ಟೇ ಹೇಳಿದ:

"ನಿಮ್ಮ ಬಟ್ಟೆಗೆ ನಾಳೆ ಒಂದು ಜೇಬು ಹೊಲಿದುಕೊಡ್ತೀನಿ ಅಕ್ಕ. ಎಡಗಡೆ."

ಆಕೆ ಬಾಗಿಲ ಪಕ್ಕದಲ್ಲಿ ಕೂತಳು. ಕಾಲು ಚಾಚಿದಾಗ ಮಂಡಿ ಲಟಕ್ಕೆಂದಿತು. ಮೈದುನನ ಏಳೆಲೆ ಇಸಿದುಕೊಂಡು ಅರ ಬಿಚ್ಚಿದಳು. ಆಮೇಲೆ ಡಾಕ್ಟರ ಕಡೆ ಕೈ ಚಾಚಿದಳು.

"ನಿಮ್ಮದು ಕೊಡಿ."

"ನನಗಿನ್ನೂ ಗೊತ್ತಾಗಿಲ್ಲಮ್ಮ, ಏನು ಬೇಕು ಅಂತ."

"ನನಗೂ ಗೊತ್ತಿಲ್ಲ. ಕೊಡಿ."

ಡಾಕ್ಟರು ಕೊಟ್ಟರು. ಆಕೆ ಖಾಲಿ ಪಟ್ಟಿಯ ಮೇಲೆ ಅರ ಇಟ್ಟು ಎಳೆದಳು. ಮೊದಲ ಎಳೆತಕ್ಕೆ ಜಾರಿತು. ಎರಡನೆಯದಕ್ಕೆ ಕಚ್ಚಿತು. ಗರಗರ ಎಂದಿತು.

ಒಳಗೆ ನಲ್ಲಿ ನಿಂತಿತು.

ಆಕೆ ತಲೆಯೆತ್ತಲಿಲ್ಲ. ಅರ ಎಳೆಯುತ್ತಲೇ ಇದ್ದಳು. ಕಬ್ಬಿಣದ ಪುಡಿ ಮಡಿಲ ಮೇಲೆ ಉದುರುತ್ತಿತ್ತು.