ನಾನೂರ ಹನ್ನೆರಡು ಹಿಂಬಾಗಿಲುಗಳು

ಅಂಗಡಿಯ ಮೇಜು ಎಂಟು ಅಡಿ ಉದ್ದವಿತ್ತು. ಸರಿಯಾಗಿ ನಾಲ್ಕನೆಯ ಅಡಿಯಲ್ಲಿ ಒಂದು ಕರಿಯ ಟೇಪು ಅಡ್ಡಲಾಗಿ ಅಂಟಿಕೊಂಡಿತ್ತು. ಟೇಪಿನ ಎಡಕ್ಕೆ ಮಾವನ ರಾಜ್ಯ: ಬಿಚ್ಚಿಟ್ಟ ಸ್ಪೀಡೋಮೀಟರುಗಳು, ಹಲ್ಲುಚಕ್ರಗಳ ಸಣ್ಣ ಡಬ್ಬಿಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಬಲಕ್ಕೆ ಸೊಸೆಯ ರಾಜ್ಯ: ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್, ಹನ್ನೊಂದು ಬಗೆಯ ಕೇಬಲ್ಲುಗಳು, ಕಾರಿನ ಮುಂಗಾಜಿಗೆ ಅಂಟಿಸುವ ಹಳೆಯ ಕಾಲದ ಜಿಪಿಎಸ್ ಡಬ್ಬಿಗಳು. ನಾಲ್ಕು ವರ್ಷದ ಹಿಂದೆ ಸೊಸೆ ತನ್ನ ಕೆಲಸ ಶುರುಮಾಡಿದ ದಿನವೇ ಮಾವ ಅಳತೆಪಟ್ಟಿ ಹಿಡಿದು ಆ ಟೇಪು ಅಂಟಿಸಿದ್ದರು.

"ಎಲ್ಲರ ಜೇಬಲ್ಲೂ ಫೋನಿದೆ. ಈ ಡಬ್ಬಿ ಯಾರಿಗಮ್ಮಾ ಬೇಕು?" ಎಂದು ಅವರು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು.

"ನಿಮ್ಮ ಮುಳ್ಳಿನ ಮೀಟರು ಯಾರಿಗೆ ಬೇಕೋ ಅವರಿಗೇ ಬೇಕು, ಮಾವ," ಎಂದು ಅವಳೂ ವಾರಕ್ಕೊಮ್ಮೆ ಉತ್ತರಿಸುತ್ತಿದ್ದಳು.

ಆ ಡಬ್ಬಿಗಳನ್ನು ತಯಾರಿಸಿದವರು ತಯಾರಿಕೆ ನಿಲ್ಲಿಸಿ ಬಹಳ ವರ್ಷಗಳಾಗಿದ್ದವು. ಆದರೆ ಅವುಗಳನ್ನು ನೋಡಿಕೊಳ್ಳುವ ತಂತ್ರಾಂಶ ಸೊಸೆಯ ಕಂಪ್ಯೂಟರಿನಲ್ಲಿ ಇನ್ನೂ ಜೀವ ಹಿಡಿದುಕೊಂಡಿತ್ತು. ಕೇಬಲ್ ಸಿಕ್ಕಿಸಿದರೆ ಸಾಕು, ಡಬ್ಬಿಯ ಹೊಟ್ಟೆಯಲ್ಲಿರುವುದೆಲ್ಲ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತಿತ್ತು: ನಕ್ಷೆ, ದಾರಿ ಹೇಳುವ ದನಿ, ಯಜಮಾನ ಗುರುತಿಟ್ಟುಕೊಂಡ ಸ್ಥಳಗಳು. ಹಳೆಯ ನಕ್ಷೆ ತೆಗೆದು ಹೊಸದನ್ನು ತುಂಬಬಹುದಿತ್ತು. ಇರುವುದರ ಪ್ರತಿ ತೆಗೆದಿಡಬಹುದಿತ್ತು. ಸೊಸೆಗೆ ಎರಡು ನಿಯಮಗಳಿದ್ದವು. ಮೊದಲು ಬ್ಯಾಕಪ್, ಆಮೇಲೆ ಮಿಕ್ಕದ್ದು, ಇದು ಒಂದು. ಐದು ವರ್ಷ ಮೀರಿದ ಬ್ಯಾಕಪ್ಪುಗಳನ್ನು ತಂತ್ರಾಂಶವು ಪಟ್ಟಿಯಿಂದ ಮರೆಮಾಡಬೇಕು, ತಾನು ಮುಚ್ಚುವಾಗ ತಾನೇ ಗುಡಿಸಿ ಹಾಕಬೇಕು; ಇದು ಇನ್ನೊಂದು. ಈ ಎರಡನೆಯದನ್ನು ಅವಳು ಮೊದಲ ದಿನವೇ ಸೆಟ್ಟಿಂಗಿನಲ್ಲಿ ಬರೆದಿಟ್ಟು ಮರೆತಿದ್ದಳು. ಮನೆಯಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಕಸವೆಂದರೆ ಅವಳಿಗೆ ಆಗದು.

ಆ ಸೋಮವಾರ ಬೆಳಗ್ಗೆ ಹತ್ತಕ್ಕೆ ಹಿಂಬಾಗಿಲಣ್ಣ ಕುಂಟುತ್ತ ಒಳಗೆ ಬಂದ.

ಅವನು ಗಾಲಿಕುರ್ಚಿಯ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನ ಚಾಲಕ. ಹದಿನಾಲ್ಕು ವರ್ಷಗಳಿಂದ ಒಂದೇ ವ್ಯಾನು, ಒಂದೇ ಡಬ್ಬಿ. ಫೋನಿನ ನಕ್ಷೆ ಕಟ್ಟಡದ ಮುಂಬಾಗಿಲಿಗೆ ಕರೆದೊಯ್ದು "ತಲುಪಿದ್ದೀರಿ" ಎಂದು ಕೈತೊಳೆದುಕೊಳ್ಳುತ್ತದೆ, ಮುಂಬಾಗಿಲಲ್ಲಿ ಮೆಟ್ಟಿಲಿರುತ್ತದೆ. ಇಳಿಜಾರು ಇರುವುದು ಹಿಂದೆ, ಕಸದ ತೊಟ್ಟಿಯ ಪಕ್ಕ, ಇಲ್ಲವೇ ನೆಲಮಾಳಿಗೆಯ ಲಿಫ್ಟಿನ ಬಳಿ. ಅಂಥ ಬಾಗಿಲು ಸಿಕ್ಕಿದಾಗಲೆಲ್ಲ ಅವನು ವ್ಯಾನನ್ನು ಅದರ ಎದುರೇ ನಿಲ್ಲಿಸಿ ಡಬ್ಬಿಯಲ್ಲಿ ಗುರುತು ಹಾಕುತ್ತಿದ್ದ, ಒಂದು ಹೆಸರನ್ನೂ ಕೊಡುತ್ತಿದ್ದ: "ಟೀಚರಮ್ಮ ನೀಲಿ ಗೇಟು", "ಬಡಗಿ ತಾತ ಇಳಿಜಾರು", "ಅವಳಿ ಅಜ್ಜಿಯರು, ಬೆಲ್ ಎರಡು ಸಲ". ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು.

"ತಂಗಿ, ಇವತ್ತು ಎರಡು ಗಂಟೆಯೊಳಗೆ ಇದಕ್ಕೆ ಹೊಸ ನಕ್ಷೆ ಹಾಕಿಕೊಡಬೇಕು," ಎಂದು ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ. "ಹೊಸ ಮೇಲ್ಸೇತುವೆ ಇದರ ನಕ್ಷೆಯಲ್ಲೇ ಇಲ್ಲ. ಅದರ ಮೇಲೆ ಹೋದರೆ, ಗದ್ದೆಗೆ ಇಳಿದಿದ್ದೀರಿ ಅನ್ನುತ್ತೆ. ನಾನಾದರೆ ಹೇಗೋ ಓಡಿಸಿಕೊಂಡು ಹೋಗ್ತೀನಿ. ಆದರೆ ನಾಳೆ ನನ್ನ ಮೊಣಕಾಲಿನ ಆಪರೇಶನ್. ಎರಡು ಗಂಟೆಯ ಪಾಳಿಯಿಂದ ಬದಲಿ ಚಾಲಕಿ ಬರ್ತಾಳೆ."

"ಹೋದ ವರ್ಷವೇ ಆಗಬೇಕಿತ್ತಲ್ವಾ ಅದು?" ಎಂದರು ಮಾವ, ಭೂತಗನ್ನಡಿಯಿಂದ ಕಣ್ಣು ತೆಗೆಯದೆ.

"ಎರಡು ಸಲ ಮುಂದೂಡಿದೆ, ಯಜಮಾನ್ರೇ. ನನ್ನ ಜನವನ್ನು ಯಾರ ಕೈಗೆ ಬಿಟ್ಟು ಹೋಗಲಿ? ಇವತ್ತಿನ ಪಾಳಿಯಲ್ಲೇ ಒಂಬತ್ತು ಮಂದಿ ಡಯಾಲಿಸಿಸ್‌ಗೆ ಹೋಗಬೇಕು. ತಡವಾದರೆ ಹಾಸಿಗೆ ಬೇರೆಯವರಿಗೆ ಹೋಗುತ್ತೆ. ಬಾಗಿಲುಗಳೆಲ್ಲ ಇದರಲ್ಲಿವೆ ಅನ್ನೋ ಧೈರ್ಯದ ಮೇಲೆ ಈ ಸಲ ಒಪ್ಪಿದ್ದೀನಿ." ಅವನು ಮೊಣಕಾಲನ್ನು ಉಜ್ಜಿಕೊಂಡು ನಕ್ಕ. "ಇದಕ್ಕೂ ವಯಸ್ಸಾಯಿತು ಬಿಡು ತಂಗಿ. ಒಂದು ತಿಂಗಳಿಂದ ಸಂಜೆ ಬಿಸಿಲು ಇನ್ನೂ ಕಣ್ಣು ಕುಕ್ಕುತ್ತಿರುವಾಗಲೇ ರಾತ್ರಿಯ ಕಪ್ಪು ಪರದೆ ಹಾಕಿಕೊಂಡುಬಿಡುತ್ತೆ. ನಮ್ಮಪ್ಪನೂ ಕೊನೆಕೊನೆಗೆ ಹೀಗೇ, ಐದು ಗಂಟೆಗೆ ಹಾಸಿಗೆ ಹಾಸು ಅಂತಿದ್ದ."

ಮೂವರೂ ನಕ್ಕರು. ಸೊಸೆ ಕೇಬಲ್ ಸಿಕ್ಕಿಸಿದಳು.

ಮೊದಲು ಬ್ಯಾಕಪ್. "ನಾನೂರ ಹನ್ನೆರಡು ಸ್ಥಳಗಳು. ಬ್ಯಾಕಪ್ ಪೂರ್ಣಗೊಂಡಿದೆ" ಎಂದಿತು ಪರದೆ, ಅವಳು ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿಯೂ ಹೇಳಿದಳು. ಹೊಸ ನಕ್ಷೆ ಹಳೆಯದಕ್ಕಿಂತ ದಪ್ಪ. ಬೇಡದ ಆರು ಭಾಷೆಗಳ ದನಿಗಳನ್ನು ಅಳಿಸಿದರೂ ಹಿಡಿಸಲಿಲ್ಲ. ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ತುಂಬುವುದೊಂದೇ ದಾರಿ. ಬ್ಯಾಕಪ್ ಇದೆಯಲ್ಲ ಎಂದು ಖಾಲಿ ಮಾಡಿದಳು. ಹಸಿರು ಪಟ್ಟಿ ಒಂದು ಗಂಟೆ ಇಪ್ಪತ್ತು ನಿಮಿಷ ಬಸವನಹುಳುವಿನ ಹಾಗೆ ತೆವಳಿತು. ಹಿಂಬಾಗಿಲಣ್ಣ ಎರಡು ಲೋಟ ಟೀ ಕುಡಿದ.

ನಕ್ಷೆ ಇಳಿಯಿತು. ಇನ್ನು ಗುರುತುಗಳನ್ನು ಮರಳಿ ತುಂಬಬೇಕು. ಸೊಸೆ ಬ್ಯಾಕಪ್ಪುಗಳ ಪಟ್ಟಿ ತೆರೆದಳು. ಈ ಡಬ್ಬಿಯ ಹೆಸರಿನಲ್ಲಿ ಒಂದೇ ಒಂದು ಸಾಲಿತ್ತು. ಅದರ ದಿನಾಂಕ ಎರಡು ವರ್ಷ ಹಿಂದಿನದು. ಸ್ಥಳಗಳು ಇನ್ನೂರ ಎಂಬತ್ತೆಂಟು.

ಇವತ್ತಿನದು ಇರಲಿಲ್ಲ.

ಪಟ್ಟಿಯನ್ನು ಮುಚ್ಚಿ ತೆರೆದಳು. ಇವತ್ತಿನ ದಿನಾಂಕ ಹಾಕಿ ಹುಡುಕಿದಳು. ಬೇರೆ ಗಿರಾಕಿಗಳ ಹೆಸರಿಗೆ ಸೇರಿಹೋಯಿತೇ ಎಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಗೋಡೆ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು.

"ಏನಾಯ್ತು ತಂಗಿ? ಮುಖ ಯಾಕೆ ಹಂಗಾಯ್ತು?"

ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಅಣ್ಣ, ಬ್ಯಾಕಪ್ ಮಾಡಿದ್ದನ್ನು ನೀವೂ ನೋಡಿದಿರಿ. ಅದು ಕಾಣ್ತಾ ಇಲ್ಲ. ಹಳೆಯ ಇನ್ನೂರ ಎಂಬತ್ತೆಂಟು ಮಾತ್ರ ಇವೆ."

ಹಿಂಬಾಗಿಲಣ್ಣ ಲೋಟ ಕೆಳಗಿಟ್ಟ. ಕೂಗಾಡಲಿಲ್ಲ, ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಬೆರಳು ಮಡಿಸುತ್ತ ಹೇಳಿದ: "ಇವತ್ತಿನ ಒಂಬತ್ತರಲ್ಲಿ ಆರು ಮಂದಿ ಈ ಎರಡು ವರ್ಷದಲ್ಲಿ ಬಂದವರು." ಆಮೇಲೆ ಜೇಬಿನಿಂದ ಫೋನು ತೆಗೆದ. "ಇರಲಿ ಬಿಡು. ಆಸ್ಪತ್ರೆಗೆ ಹೇಳಿಬಿಡ್ತೀನಿ. ಈ ಕಾಲು ಇಷ್ಟು ದಿನ ನಡೆದಿದೆ, ಇನ್ನೊಂದಿಷ್ಟು ದಿನ ನಡೆಯಲಿ."

"ಅಣ್ಣ, ಎರಡು ಗಂಟೆಯವರೆಗೆ ಸಮಯ ಕೊಟ್ಟಿದ್ದೀರಿ. ಅಲ್ಲಿವರೆಗೆ ಫೋನು ಜೇಬಲ್ಲಿರಲಿ."

"ಮೂರನೇ ಸಲ ಮುಂದೂಡಿದರೆ ಆ ಡಾಕ್ಟರಮ್ಮ ಇವನ ಮುಖವನ್ನೂ ನೋಡೋದಿಲ್ಲ," ಎಂದ ಮಾವ ಮೊದಲ ಬಾರಿಗೆ ಭೂತಗನ್ನಡಿ ಕಳಚಿ, ಟೇಪಿನ ಈಚೆಗೆ ಬಗ್ಗಿದರು. "ಏನಮ್ಮಾ, ಕೈಕಟ್ಟಿ ಕೂತರೆ ಆಗುತ್ತಾ? ಒಮ್ಮೆ ಆರಿಸಿ ಹಚ್ಚು. ಯಾವ ಯಂತ್ರವಾದರೂ ಅರ್ಧ ರೋಗ ಅದರಲ್ಲೇ ಹೋಗುತ್ತೆ."

ಬೇರೆ ಉಪಾಯ ಅವಳಿಗೂ ತೋಚಲಿಲ್ಲ. ತಂತ್ರಾಂಶದ ಮೂಲೆಯಲ್ಲಿದ್ದ, ಮುಚ್ಚುವ ಗುಣಾಕಾರದ ಗುರುತಿನ ಮೇಲೆ ಒತ್ತಿದಳು. ಮುಚ್ಚುವ ಬದಲು ಅದು ಒಂದು ಸಣ್ಣ ಚೌಕದಲ್ಲಿ ಪ್ರಶ್ನೆ ಕೇಳಿತು:

"ಅವಧಿ ಮೀರಿದ ಒಂದು ಬ್ಯಾಕಪ್ ಅಳಿಸಲಾಗುವುದು. ಸರಿಯೇ?"

"ಸರಿ ಅನ್ನು, ಸರಿ ಅನ್ನು," ಎಂದರು ಮಾವ.

ಅವಳ ಬೆರಳು ಮೌಸಿನ ಮೇಲೆ ಅರ್ಧ ಇಳಿದಿತ್ತು. ಅಲ್ಲೇ ನಿಂತಿತು. ಅವಧಿ ಮೀರಿದ್ದು ಎಂದರೆ ಐದು ವರ್ಷ ದಾಟಿದ್ದು. ಅವಳ ಕೆಲಸ ಶುರುವಾಗಿ ನಾಲ್ಕೇ ವರ್ಷ. ಈ ಕಂಪ್ಯೂಟರು ಇಲ್ಲಿಗೆ ಬಂದಾಗ ಒಳಗೆ ಒಂದೂ ಬ್ಯಾಕಪ್ ಇರಲಿಲ್ಲ. ಈ ಪ್ರಶ್ನೆಯನ್ನು ಅವಳು ಇವತ್ತೇ ಮೊದಲು ನೋಡುತ್ತಿದ್ದಳು.

"ಮಾವ," ಎಂದಳು ನಿಧಾನವಾಗಿ, "ನಾಲ್ಕು ವರ್ಷದ ಮಗುವಿಗೆ ಐದು ವರ್ಷ ಮೀರೋದು ಹೇಗೆ?"

"ಒಗಟು ಹೇಳೋ ಹೊತ್ತಾ ಇದು?"

ಅವಳು "ಬೇಡ" ಒತ್ತಿದಳು. ಬೆರಳನ್ನು ಒಂದು ಕ್ಷಣ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ "ಅವಧಿ ಮೀರಿದವು" ಎಂಬ, ಎಂದೂ ತೆರೆಯದ ಕೋಣೆಯನ್ನು ತೆರೆದಳು. ಅಲ್ಲಿ ಒಂದೇ ಸಾಲು ಕೂತಿತ್ತು. ಹುಟ್ಟಿದ ಹೊತ್ತು: ಇವತ್ತು ಬೆಳಗ್ಗೆ ಅವಳು ಬ್ಯಾಕಪ್ ಮಾಡಿದ ನಿಮಿಷವೇ, ಹತ್ತೂ ಹನ್ನೆರಡು. ಹುಟ್ಟಿದ ದಿನಾಂಕ: ಹತ್ತೊಂಬತ್ತು ವರ್ಷ ಏಳೂವರೆ ತಿಂಗಳ ಹಿಂದಿನದು. ಸ್ಥಳಗಳು: ನಾನೂರ ಹನ್ನೆರಡು.

"ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ!" ಎಂದು ಅವಳು ಕಿರುಚಿದ ರಭಸಕ್ಕೆ ಮಾವನ ಹಲ್ಲುಚಕ್ರವೊಂದು ಉರುಳಿ, ಟೇಪು ದಾಟಿ, ಅವಳ ರಾಜ್ಯಕ್ಕೆ ಬಂದು ಬಿತ್ತು.

"ಸಿಕ್ತಾ? ಹತ್ತೊಂಬತ್ತು ವರ್ಷದ ಹಿಂದೆ ಈ ಡಬ್ಬಿಯೇ ಹುಟ್ಟಿರಲಿಲ್ಲವಲ್ಲ ತಂಗಿ?" ಹಿಂಬಾಗಿಲಣ್ಣ ಎದ್ದು ನಿಂತಿದ್ದ, ಮೊಣಕಾಲಿನ ನೆನಪೇ ಅವನಿಗಿರಲಿಲ್ಲ.

ಸೊಸೆ ಕಾಗದ ಎಳೆದುಕೊಂಡು ಭಾಗಾಕಾರ ಮಾಡಿದಳು. ವ್ಯತ್ಯಾಸ ಏಳು ಸಾವಿರದ ನೂರ ಅರವತ್ತೆಂಟು ದಿನ. ಏಳರಿಂದ ಭಾಗಿಸಿದರೆ ಸಾವಿರದ ಇಪ್ಪತ್ತನಾಲ್ಕು ವಾರ, ಶೇಷ ಸೊನ್ನೆ. ಓದುವ ಕಾಲದಲ್ಲಿ ಕಂಡಿದ್ದ ಸಂಖ್ಯೆ ಅದು.

"ಉಪಗ್ರಹ ಡಬ್ಬಿಗೆ ತಾರೀಖು ಹೇಳೋದಿಲ್ಲ, ಅಣ್ಣ. ಇದು ಎಷ್ಟನೇ ವಾರ ಅಂತ ಹೇಳುತ್ತೆ ಅಷ್ಟೆ. ಆ ಹಳೆಯ ಎಣಿಕೆಯಲ್ಲಿ ಸಾವಿರದ ಇಪ್ಪತ್ತನಾಲ್ಕು ವಾರಕ್ಕಷ್ಟೇ ಜಾಗ. ತುಂಬಿದ ಮೇಲೆ..."

"ಮೀಟರು ಸೊನ್ನೆಗೆ ತಿರುಗುತ್ತೆ!" ಮಾವ ಮೇಜನ್ನು ಗುದ್ದಿದರು. ಅವರ ಕಣ್ಣು ಹೊಳೆಯುತ್ತಿತ್ತು. "ಐದು ಮನೆಯ ಓಡೋಮೀಟರು! ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆದಮೇಲೆ ಒಂದು ಕಿಲೋಮೀಟರು ಓಡಿಸು, ಐದೂ ಸೊನ್ನೆ. ಮುದಿ ಕಾರು ಮದುಮಗಳಾಗುತ್ತೆ. ಎಷ್ಟು ಜನ ಹಂಗೇ ಮಾರಿ ಟೋಪಿ ಹಾಕಿದ್ದಾರೆ! ಇಷ್ಟೇನಾ ನಿಮ್ಮ ಉಪಗ್ರಹದ ಬುದ್ಧಿ?"

"ಇಷ್ಟೇ, ಮಾವ. ಈ ಡಬ್ಬಿಯೊಳಗಿನ ಎಣಿಕೆ ಒಂದು ತಿಂಗಳ ಹಿಂದೆ ತಿರುಗಿದೆ. ಗಂಟೆ ನಿಮಿಷ ಸರಿಯಾಗಿದೆ, ತಾರೀಖು ಮಾತ್ರ ಹಿಂದಕ್ಕೆ ಹೋಗಿದೆ. ಅದರ ತಾರೀಖನ್ನೇ ತಂತ್ರಾಂಶ ಬ್ಯಾಕಪ್ಪಿನ ಮೇಲೆ ಬರೆದಿದೆ. ಹಳೇ ಕಸ ಅಂತ ಒಳಗೆ ತಳ್ಳಿದೆ. ಆ ನಿಯಮ ಹಾಕಿದವಳು ನಾನೇ." ಅವಳು ಹಿಂಬಾಗಿಲಣ್ಣನತ್ತ ತಿರುಗಿದಳು. "ಅದಕ್ಕೆ ವಯಸ್ಸಾಗಿಲ್ಲ, ಅಣ್ಣ. ನಮಗೆ ಈಗ ಉದ್ದ ಹಗಲಿನ ಕಾಲ. ಅದರ ತಾರೀಖಿನಲ್ಲಿ ಹಗಲು ಚಿಕ್ಕದು. ಅದಕ್ಕೇ ಸಂಜೆ ಬೇಗ ಕಪ್ಪು ಪರದೆ. ಬೆಳಗ್ಗೆ ಬಂದು ಕೂತ ಕೂಡಲೇ ನೀವು ನನಗೆ ಉತ್ತರ ಹೇಳಿದ್ದಿರಿ, ನಾನು ನಗುತ್ತಾ ಕೂತೆ."

"ಹಾಗಾದ್ರೆ ಆಗಲೇ ಸರಿ ಅಂದುಬಿಟ್ಟಿದ್ದರೆ?"

ಮಾವ ತಮ್ಮ ಭೂತಗನ್ನಡಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

ಸೊಸೆ ಮೊದಲು ಆ ಬ್ಯಾಕಪ್ಪಿನ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟಳು. ಗುಡಿಸುವ ನಿಯಮವನ್ನು ಅಳಿಸಿ ಹಾಕಿದಳು. ಆಮೇಲೆ "ಮರಳಿ ತುಂಬು" ಒತ್ತಿದಳು. ಪರದೆಯ ಮೂಲೆಯಲ್ಲಿ ಅಂಕಿಗಳು ಏರತೊಡಗಿದವು. ನೂರು. ಇನ್ನೂರ ಎಂಬತ್ತೆಂಟು ದಾಟಿದಾಗ ಹಿಂಬಾಗಿಲಣ್ಣ ಉಸಿರು ಬಿಟ್ಟ. ಮುನ್ನೂರ ತೊಂಬತ್ತು. ನಾನೂರ ಹನ್ನೆರಡಕ್ಕೆ ಬಂದು ನಿಂತಿತು. ಡಬ್ಬಿಯ ಪರದೆ ಬೆಳಗಿತು: ಹೊಸ ಮೇಲ್ಸೇತುವೆಯ ಹಳದಿ ಗೆರೆ, ಅದರ ಸುತ್ತ ಊರಿನ ತುಂಬ ಸಾಸಿವೆ ಚೆಲ್ಲಿದ ಹಾಗೆ ಅವನ ಬಾಗಿಲುಗಳು.

ಒಂದೂವರೆಗೆ ಬದಲಿ ಚಾಲಕಿ ಬಂದಳು. ಹಿಂದೆ ಶಾಲೆಯ ವ್ಯಾನು ಓಡಿಸಿದವಳು; ಬಾಗಿಲು ದಾಟುವ ಮೊದಲೇ ಮಾತು ಒಳಗೆ ಬಂದಿತ್ತು.

"ಏನಣ್ಣ, ನಿಮ್ಮ ಮ್ಯೂಸಿಯಂ ಡಬ್ಬಿ ರೆಡಿನಾ? ಫೋನಲ್ಲಿ ಹೋದರೆ ಆಗಲ್ವಾ?"

"ಆಗುತ್ತೆ. ಟೀಚರಮ್ಮನ ಮನೆ ಮುಂದೆ ಹದಿನೇಳು ಮೆಟ್ಟಿಲಿದೆ. ಕುರ್ಚಿ ಸಮೇತ ಹೊತ್ತುಕೊಂಡು ಇಳಿಸ್ತೀಯಾ?"

ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೆಸರುಗಳ ಪಟ್ಟಿಯ ಮೇಲೆ ಕಣ್ಣಾಡಿಸಿದಳು. "'ಕಾಫಿ ಕೊಡ್ತಾರೆ, ಬೇಡ ಅನ್ನಬೇಡಿ.' ಇದೂ ವಿಳಾಸಾನಾ ಅಣ್ಣ?" ಎಂದು ಕೇಳಿ ಹೊರಟಳು. ಅವಳ ಹಿಂದೆ ಹಿಂಬಾಗಿಲಣ್ಣ ಗಾಜಿನ ಬಾಗಿಲವರೆಗೂ ಹೋಗಿ, ವ್ಯಾನು ತಿರುವು ದಾಟುವ ತನಕ ನಿಂತ. ಮಗಳನ್ನು ಗಂಡನ ಮನೆಗೆ ಕಳಿಸಿದ ತಂದೆಯ ನಿಲುವು ಅದು.

ಅವನು ಮನೆಗೆ ಹೋಗಲಿಲ್ಲ. ಅಂಗಡಿಯಲ್ಲೇ ಕೂತ. ಮೂರೂಕಾಲಿಗೆ ಅವನ ಫೋನು ಬಡಿದುಕೊಂಡಿತು. ಅವಸರದಲ್ಲಿ ಸ್ಪೀಕರು ತಾನಾಗಿಯೇ ಒತ್ತಿಹೋಯಿತು.

"ಅಣ್ಣ, ಒಂಬತ್ತೂ ಮಂದಿ ಹಾಸಿಗೆ ಮೇಲಿದ್ದಾರೆ. ಹತ್ತು ನಿಮಿಷ ಮೊದಲೇ ತಲುಪಿಸಿದೆ, ಮೇಲ್ಸೇತುವೆ ಮೇಲಿಂದ. ಒಂದು ಮೆಟ್ಟಿಲೂ ಸಿಗಲಿಲ್ಲ. ಬಡಗಿ ತಾತ ಮಾತ್ರ ಸಿಟ್ಟಾಗಿದ್ದಾರೆ."

"ಯಾಕೆ?"

"ಇಳಿಜಾರಿಗೆ ನೇರ ಬಂದು ನಿಂತೆ. ದಾರಿ ತಪ್ಪಿ ಬರ್ತೀಯ, ಬೈಯೋಣ ಅಂತ ಬೆಳಗ್ಗಿನಿಂದ ಕಾಯ್ತಾ ಇದ್ದರಂತೆ."

ಹಿಂಬಾಗಿಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದಾಗ ಕಣ್ಣು ಒದ್ದೆಯಾಗಿತ್ತು. ಆಸ್ಪತ್ರೆಗೆ ತಾನೇ ಫೋನು ಮಾಡಿ, ನಾಳೆ ಬೆಳಗ್ಗೆ ಏಳಕ್ಕೆ ಬರುವುದು ಖಂಡಿತ ಎಂದು ಹೇಳಿದ. ಬಾಗಿಲಲ್ಲಿ ನಿಂತು ಸೊಸೆಗೆ ಕೈ ಮುಗಿದ.

"ಎಂಟು ವಾರ ರೆಸ್ಟು ಅಂದಿದ್ದಾರೆ ತಂಗಿ. ಎಂಟು ವಾರ ಹೇಗಪ್ಪಾ ಕಳೆಯೋದು!"

"ಎಂಟು ವಾರಕ್ಕೆ ಅಳ್ತೀಯಲ್ಲೋ," ಎಂದರು ಮಾವ ತಮ್ಮ ಕಡೆಯಿಂದ. ಅವರು ತಲೆ ಬಗ್ಗಿಸಿಕೊಂಡು, ಮೇಜಿನ ಮೇಲಿನ ಕರಿಯ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದರು. "ನಮ್ಮ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ಸಾವಿರದ ಇಪ್ಪತ್ತನಾಲ್ಕು ವಾರ ಹಿಂದಕ್ಕೆ ಹೋಗಿ, ನಿನ್ನ ಬಾಗಿಲನ್ನೆಲ್ಲ ಹೊತ್ತುಕೊಂಡು ಬಂದಿದ್ದಾಳೆ."