ಹಿಂದಿನ ಗಾಡಿಯಲ್ಲಿ ಇರ್ತಾಳೆ

ಶೀಲಾವತಿಗೆ ಅರವತ್ತೆಂಟು ನಡೆಯುತ್ತಿತ್ತು. ಈ ವಯಸ್ಸಿನ ಹೆಂಗಸರು ಮೊಮ್ಮಕ್ಕಳಿಗೆ ಸ್ವೆಟರ್ ಹೆಣೆಯಬೇಕು, ಅದಾಗದಿದ್ದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರಬೇಕು. ಅವಳು ಮಾತ್ರ ಒಂದು ವರ್ಷದಿಂದ ಹಗೆ ಸಾಕುತ್ತಿದ್ದಳು. ತುಳಸಿಗೆ ನೀರೆರೆದ ಹಾಗೆ ಅದಕ್ಕೂ ದಿನಾ ಬೆಳಗ್ಗೆ ಒಂದು ಚೊಂಬು.

ಹಗೆ ವಿಜೇತಾಳ ಮೇಲೆ. ಮಾಟುಂಗದ ಕನ್ನಡ ಸಂಘದಲ್ಲಿ ಒಟ್ಟಿಗೆ ನಾಟಕ ಆಡಿ, ಜಗಳ ಆಡಿ ಬೆಳೆಸಿದ ಸ್ನೇಹ ಅವರದು. ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಗೆಳತಿಯರಿಗೆ ಹೊಸ ಹುಚ್ಚು ಹಿಡಿಸಿದವಳೂ ವಿಜೇತಾಳೇ. ಎರಡು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ದೇಶ ಸುತ್ತುವ ಹುಚ್ಚು. ಒಳಗೇ ಮಲಗುವ ಹಲಗೆ, ಒಳಗೇ ಪುಟ್ಟ ಗ್ಯಾಸ್ ಒಲೆ. ಶೀಲಾವತಿಯ ಗಂಡ ಉಡುಪಿ ಹೋಟೆಲ್ ನಡೆಸಿದವರು. ಒಲೆ ಯಾರ ಪಾಲಿಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಹೋದ ವರ್ಷ ಜೈಸಲ್ಮೇರ್ ದಾರಿಯಲ್ಲಿ ಒಂದು ಪೆಟ್ರೋಲ್ ಪಂಪ್. ಅವಳು ಶೌಚಾಲಯದಿಂದ ಹೊರಗೆ ಬಂದು ನೋಡುತ್ತಾಳೆ, ಎರಡೂ ವ್ಯಾನುಗಳು ರಸ್ತೆಗೆ ಏರುತ್ತಿವೆ. ಸೀರೆ ಎತ್ತಿ ಹಿಡಿದು ಓಡಿದಳು. ಕೂಗಲು ಬಾಯಿ ತೆರೆದಳು. ಆದರೆ ಹೊರಟವರನ್ನು ಹಿಂದಿನಿಂದ ಕೂಗಬಾರದು. ಕೂಗಿದರೆ ಪ್ರಯಾಣಕ್ಕೆ ಕೇಡು. ಅಜ್ಜಿ ಹೇಳಿಕೊಟ್ಟದ್ದು, ಅತ್ತೆ ಮತ್ತೆ ಮತ್ತೆ ಹೇಳಿದ್ದು. ಬಿ.ಎ. ಪಾಸಾದ ಗಂಟಲೇ ಆದರೂ ಕೂಗು ಅಲ್ಲೇ ಸಿಕ್ಕಿಕೊಂಡಿತು. ಫೋನು ವ್ಯಾನಿನಲ್ಲಿ ಚಾರ್ಜಿಗೆ ಹಾಕಿತ್ತು. ಬಿಸಿಲು ತಲೆಯ ಮೇಲಿತ್ತು.

ಕೊನೆಗೆ ಅವಳನ್ನು ಹತ್ತಿಸಿಕೊಂಡದ್ದು ಒಂದು ಹಾಲಿನ ಟ್ಯಾಂಕರ್. ಅದರ ಡ್ರೈವರ್ ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿ "ಬೈಠೋ ಮಾಜೀ" ಎಂದ. ಅವಳು ಕಣ್ಣೊರೆಸಿಕೊಳ್ಳುವುದು ತನಗೆ ಕಾಣಲೇಬಾರದು ಎನ್ನುವ ಹಾಗೆ ದಾರಿಯುದ್ದಕ್ಕೂ ಆಚೆ ಕಡೆಯ ಕನ್ನಡಿಯನ್ನೇ ನೋಡುತ್ತಿದ್ದ. ಊಟಕ್ಕೆ ನಿಂತಿದ್ದ ವ್ಯಾನುಗಳು ಒಂದು ಢಾಬಾದ ಹತ್ತಿರ ಸಿಕ್ಕಿದವು. ಇವಳು ಇಲ್ಲವೆಂದು ಅವರಿಗೆ ಗೊತ್ತಾದದ್ದು ಆಗಷ್ಟೇ, ಅದೂ ಚಟ್ನಿಪುಡಿ ಡಬ್ಬಿ ಸಿಗದೆ ಹುಡುಕುವಾಗ.

"ಬಂತು ನೋಡ್ರೇ ನಮ್ಮ ಲಗೇಜು, ಪಾರ್ಸೆಲ್ ಸರ್ವಿಸಿನಲ್ಲಿ!" ಎಂದಳು ವಿಜೇತಾ. ಎಲ್ಲರೂ ನಕ್ಕರು. ಸಂಘದ ದೀಪಾವಳಿ ಕೂಟದಲ್ಲಿ ಅವಳು ಮೈಕ್ ಹಿಡಿದು ಇದೇ ಕತೆ ಹೇಳಿದಳು. ಸೀರೆ ಎತ್ತಿ ಓಡುವುದನ್ನು ಮಾಡಿಯೂ ತೋರಿಸಿದಳು. ಹಾಲ್ ತುಂಬ ನಗು.

ಅಷ್ಟಾದರೂ ಶೀಲಾವತಿ ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದಂತೆ ಮಾಡಿದ್ದು ಮುಂದಿನ ವ್ಯಾನಿನ ಡ್ರೈವರ್ ಭೀಮರಾಯನ ಮಾತು. ಯಾದಗಿರಿ ಕಡೆಯವನು, ಕುರ್ಲಾದ ಚಾಳಿನಲ್ಲಿ ಮನೆ. ಪ್ರವಾಸ ಮುಗಿಸಿ ಅವಳ ಚೀಲಗಳನ್ನು ಬಿಲ್ಡಿಂಗಿನ ಮೆಟ್ಟಿಲ ತನಕ ಹೊತ್ತು ತಂದವನು ಹೋಗದೆ ನಿಂತೇ ಇದ್ದ.

"ಅಮ್ಮಾರ, ಒಂದ್ ಮಾತು. ನಾ ಕೇಳಿದ್ನಿರೀ. ಶೀಲಕ್ಕಾರ್ ಕಾಣವಲ್ರು ಅಂತ ಅವತ್ತs ಕೇಳಿದ್ನಿ. ವಿಜೇತಾ ಅಮ್ಮಾರು ತಿರುಗಿ ಸೈತ ನೋಡ್ಲಿಲ್ರಿ. ಹಿಂದಿನ ಗಾಡಿಯಲ್ಲಿ ಇರ್ತಾಳೆ, ನೀನು ಬಿಡು, ಅಂದ್ರು."

ತಿರುಗಿ ಕೂಡ ನೋಡಲಿಲ್ಲ. ಅವತ್ತಿನಿಂದಲೇ ಹಗೆಗೆ ಬೇರು ಬಂದದ್ದು.

ಈ ಸಲ ಕಚ್ಛದ ಉಪ್ಪಿನ ಬಯಲಿಗೆ ಎಂದು ಗೊತ್ತಾಯಿತು. ಮಗ ಬೇಡವೆಂದ. ಶೀಲಾವತಿ ಹೋಗುತ್ತೇನೆಂದಳು. ಹೊರಡುವ ವಾರದ ಸಭೆಯಲ್ಲಿ ವಿಜೇತಾ ಅವಳ ಕೊರಳಿಗೆ ಒಂದು ಸೀಟಿ ನೇತುಹಾಕಿ ಘೋಷಿಸಿದಳು: "ಮರೆತುಹೋದವಳೇ ಇನ್ನು ಮೇಲೆ ಲೆಕ್ಕ ಇಡ್ತಾಳೆ. ಶೀಲಕ್ಕ ಸೀಟಿ ಊದದೆ ಗಾಡಿ ಹೊರಡ್ಲಿಕ್ಕಿಲ್ಲ." ಮತ್ತೆ ನಗು. ಶೀಲಾವತಿಯೂ ನಕ್ಕಳು. ಹಗ್ಗವನ್ನು ತಾವೇ ತಂದು ಕೈಗೆ ಕೊಡುವವರ ಎದುರು ಅಳುವುದೇಕೆ?

ವಿಜೇತಾಳನ್ನು ಎಲ್ಲಿ ಬಿಟ್ಟುಹೋಗುವುದೆಂದು ಬಹಳ ಯೋಚಿಸಿದ್ದಳು. ಉಪ್ಪಿನ ಬಯಲಿನಲ್ಲಿ ಬಿಟ್ಟರೆ ಜೀವಕ್ಕೆ ಅಪಾಯ. ಅವಳ ಹಗೆ ಅಷ್ಟು ಕುರುಡಾಗಿರಲಿಲ್ಲ. ಬಿಡುವುದಾದರೆ ಜೋಗೇಶ್ವರಿಯಲ್ಲೇ ಬಿಡಬೇಕು. ಅವಳ ಮನೆ ಮುಂದೆ, ಆರತಿ ಎತ್ತಿ ಕಳಿಸುವ ಜನರ ಕಣ್ಣೆದುರಿಗೇ. ಹೊರಡುವ ಗಳಿಗೆಯಲ್ಲಿ ಏನಾದರೊಂದು ಮರೆತು ಮತ್ತೆ ಮನೆಗೆ ಓಡುವುದು ವಿಜೇತಾಳ ಚಾಳಿ.

ಹೊರಡುವ ದಿನ ವ್ಯಾನುಗಳು ಮಾಟುಂಗದಲ್ಲಿ ಗೆಳತಿಯರನ್ನು ಹತ್ತಿಸಿಕೊಂಡು, ಕೊನೆಯವಳಾದ ವಿಜೇತಾಳಿಗಾಗಿ ಜೋಗೇಶ್ವರಿಗೆ ಬಂದವು. ಬಿಲ್ಡಿಂಗಿನ ಗೇಟಿನಲ್ಲಿ ಮದುವೆ ಮನೆಯ ಗದ್ದಲ. ಪಕ್ಕದ ಮನೆಯ ರುಕ್ಮಿಣಿಬಾಯಿ ತಟ್ಟೆ ಹಿಡಿದು ಆರತಿ ಎತ್ತಿದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ವಿಜೇತಾ ತನ್ನ ಫೋನನ್ನು ಮುಂದಿನ ವ್ಯಾನಿನಲ್ಲಿ ಡ್ರೈವರ್ ಪಕ್ಕ ಸಿಕ್ಕಿಸಿ, ದಾರಿ ತೋರಿಸಲು ಮ್ಯಾಪ್ ಹಾಕಿಟ್ಟಳು.

"ಬೆಳಗಿನ ಬಿ.ಪಿ. ಮಾತ್ರೆ ತಕೊಂಡ್ಯಾ?" ಎಂದು ಶೀಲಾವತಿ ಕೇಳಿದಳು.

"ಆಯ್ತು ಮಾರಾಯ್ತಿ, ನೀನೊಬ್ಬಳು!"

ಒಳ್ಳೆಯದು. ಹಗೆ ಬೇರೆ, ಬಿ.ಪಿ. ಬೇರೆ.

ಮಿಕ್ಕವರೆಲ್ಲ ಹತ್ತಿ ಪರದೆ ಎಳೆದು ಕುಳಿತರು. ಆಗ ವಿಜೇತಾ ತಲೆ ಮುಟ್ಟಿಕೊಂಡು "ಅಯ್ಯೋ, ನನ್ನ ಕಪ್ಪು ಕನ್ನಡಕ!" ಎಂದು ಮತ್ತೆ ಮೆಟ್ಟಿಲು ಹತ್ತಿದಳು. ರುಕ್ಮಿಣಿಬಾಯಿ ಕೆಳಗಿನಿಂದ ಮರಾಠಿಯಲ್ಲಿ ಎಚ್ಚರಿಸಿದಳು, "ಬಸೂನ್ ಪಾಣೀ ಪಿಊನ್ ಯೇ ಗ!" ಹೊರಟವರು ಹೊಸಿಲು ದಾಟಿ ಮತ್ತೆ ಒಳಗೆ ಹೋದರೆ, ಕೂತು ನೀರು ಕುಡಿದೇ ಹೊರಡಬೇಕು. ವಿಜೇತಾ ಅದನ್ನು ಎಂದೂ ತಪ್ಪಿಸಿದವಳಲ್ಲ.

ಕೂರಲಿ. ಕುಡಿಯಲಿ. ಶೀಲಾವತಿ ಹಿಂದಿನ ವ್ಯಾನಿನ ಬಾಗಿಲಲ್ಲಿ ನಿಂತು ಸೀಟಿ ಊದಿದಳು. ಮುಂದಿನ ವ್ಯಾನ್ ಅಲುಗಾಡಿ ಹೊರಟಿತು.

ಈ ಸಲ ಹಿಂದಿನ ವ್ಯಾನಿಗೆ ಬಂದಿದ್ದ ಭೀಮರಾಯ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಕೇಳಿದ, "ವಿಜೇತಾ ಅಮ್ಮಾರು ಬಂದ್ರೇನ್ರೀ?"

"ಮುಂದಿನ ಗಾಡಿಯಲ್ಲಿ ಇರ್ತಾಳೆ. ನೀನು ಬಿಡು."

ಭೀಮರಾಯ ಕನ್ನಡಿಯಲ್ಲಿ ಅವಳ ಮುಖವನ್ನು ಒಂದು ಕ್ಷಣ ನೋಡಿದ. ಗೇರ್ ಹಾಕಿದ.

ಹಿಂದಿನ ಕಿಟಕಿಯಿಂದ ಶೀಲಾವತಿ ಎಲ್ಲವನ್ನೂ ನೋಡಿದಳು. ಎರಡನೇ ಮಹಡಿಯ ಬಾಲ್ಕನಿಗೆ ವಿಜೇತಾ ಓಡಿಬಂದಳು, ಕೈಯಲ್ಲಿ ನೀರಿನ ಲೋಟ. ಬಾಯಿ ತೆರೆಯಿತು. ಕೈ ಮೇಲಕ್ಕೆ ಹೋಯಿತು. ಆಮೇಲೆ ಬಾಯಿ ಮುಚ್ಚಿಕೊಂಡಿತು. ಹೊರಟ ಗಾಡಿಯನ್ನು ಅವಳೂ ಕೂಗಲಾರಳು. ಗೇಟಿನಲ್ಲಿ ರುಕ್ಮಿಣಿಬಾಯಿಯೂ ತಟ್ಟೆ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದಳು, ಇವರು ಮುಂದಿನ ತಿರುವಿನಲ್ಲಿ ಕಾಯುತ್ತಾರೆಂದುಕೊಂಡೋ ಏನೋ.

ಆಹಾ! ಒಂದು ವರ್ಷದ ಬಿಸಿಲು ಮೈಯಿಂದ ಇಳಿದುಹೋದ ಹಾಗಾಯಿತು.

ಇನ್ನು ಯಾರಾದರೂ ಕೇಳಲಿ ಎಂದು ಕಾದಳು. ಗೋರೆಗಾಂವ್ ಬಂತು. ಪಕ್ಕದಲ್ಲಿದ್ದ ರಂಜನಾ, ವಿಜೇತಾಳ ಜೀವದ ಗೆಳತಿ, ಚಕ್ಕುಲಿ ಡಬ್ಬಿ ತೆರೆದಳು. ಮುರಿಯದ ಚಕ್ಕುಲಿ ಆರಿಸಿ ಶೀಲಾವತಿಗೆ ಕೊಟ್ಟಳು, ಮುರಿದ ಚೂರು ತಾನು ತಿಂದಳು. ಮಲಾಡ್ ಬಂತು. ಸೊಸೆಯಂದಿರ ಸುದ್ದಿ ನಡೆದಿತ್ತು. ಮುಂದಿನ ವ್ಯಾನಿನವರು ಫೋನ್ ಮಾಡಿ ಚಹಾ ಎಲ್ಲಿ ಕುಡಿಯುವುದೆಂದು ಕೇಳಿದರು, ಅಷ್ಟೇ. ವಿಜೇತಾ ಈ ಗಾಡಿಯಿಂದ ಆ ಗಾಡಿಗೆ ಹಾರುವವಳು, ಇಲ್ಲಿಲ್ಲದಿದ್ದರೆ ಅಲ್ಲಿದ್ದಾಳೆ.

ಬೊರಿವಲಿ ಬರುವ ಹೊತ್ತಿಗೆ ಬಾಯಲ್ಲಿದ್ದ ಚಕ್ಕುಲಿಗೆ ರುಚಿ ಇರಲಿಲ್ಲ. ಕೇಳ್ರೇ, ಒಬ್ಬಳಾದರೂ ಕೇಳ್ರೇ, ಎಂದು ಅವಳು ಮನಸ್ಸಿನಲ್ಲೇ ಬಯ್ದಳು. ಮೂವತ್ತು ವರ್ಷ ಸಂಘದ ಪೂಜೆಯಲ್ಲಿ ವಿಜೇತಾಳ ಕೈಯಿಂದ ಆರತಿ ತಕೊಂಡವರು!

ಆಗ ಫೋನ್ ಬಡಿಯಿತು. ಗೊತ್ತಿಲ್ಲದ ನಂಬರ್. ಪೂರ್ತಿ ಬಡಿಯಲು ಬಿಟ್ಟಳು. ಎರಡನೇ ಸಲಕ್ಕೆ ಹಿಂದಿನ ಕಿಟಕಿಯ ಮೂಲೆಗೆ ಸರಿದು, ದನಿ ತಗ್ಗಿಸಿ ಎತ್ತಿದಳು.

"ಶೀಲಕ್ಕಾ, ನಾನು ವಿಜೇತಾ. ರುಕ್ಮಿಣಿಬಾಯಿ ಫೋನಿನಿಂದ. ನಿನ್ನ ನಂಬರ್ ಒಂದೇ ಬಾಯಿಪಾಠ ಇದ್ದದ್ದು. ಅಲ್ಲ, ನಾನು ಮೇಲೆ ಹೋಗಿದ್ದೆ, ನೀವೆಲ್ಲ..."

"ಗೊತ್ತುಂಟು."

"ಗೊತ್ತಿದ್ದೇ ಊದಿದ್ದಾ?"

"ಹೌದು."

"ಇಡೀ ಬಿಲ್ಡಿಂಗು ಕೆಳಗೆ ನಿಂತುಕೊಂಡು ನನ್ನನ್ನೇ ನೋಡ್ತಾ ಉಂಟು, ಶೀಲಕ್ಕ."

"ನನ್ನನ್ನು ನೋಡ್ಲಿಕ್ಕೆ ಅಷ್ಟು ಜನವೂ ಇರಲಿಲ್ಲ. ಒಂದು ನಾಯಿ ಇತ್ತು."

ವಿಜೇತಾ ದನಿ ಸಣ್ಣದು ಮಾಡಿ ಕೇಳಿದಳು. "ಯಾರೂ ಕೇಳಲಿಲ್ಲವಾ, ನಾನೆಲ್ಲಿ ಅಂತ?"

ಸುಳ್ಳು ಹೇಳಬಹುದಿತ್ತು. ರಂಜನಾ ಆಗಲೇ ಕೇಳಿದಳು ಎನ್ನಬಹುದಿತ್ತು. ಹಾಗೆ ಹೇಳಿದರೆ ಪುಣ್ಯ ಬರುತ್ತಿತ್ತು. ಆದರೆ ಶೀಲಾವತಿಗೆ ಅವತ್ತು ಪುಣ್ಯ ಬೇಕಿರಲಿಲ್ಲ.

"ಇಲ್ಲ," ಎಂದಳು. "ಬೊರಿವಲಿ ದಾಟಿತು. ಒಬ್ಬರೂ ಕೇಳಲಿಲ್ಲ. ಭೀಮರಾಯ ಒಬ್ಬ ಕೇಳಿದ."

ಆ ಕಡೆ ಮೂಗು ಎಳೆದುಕೊಳ್ಳುವ ಸದ್ದು. "ಗಾಡಿ ತಿರುಗಿಸು, ಶೀಲಕ್ಕ."

"ನನಗೋಸ್ಕರ ಯಾವ ಗಾಡಿ ತಿರುಗಿತು? ರಿಕ್ಷಾ ಹಿಡಿದು ಬಾ. ದಹಿಸರ್ ಟೋಲ್ ನಾಕಾದ ಆಚೆ ನಿಲ್ಲಿಸಿರ್ತೇವೆ." ಆಮೇಲೆ ಸೇರಿಸಿದಳು, "ತಲೆಗೆ ಸೆರಗು ಹಾಕ್ಕೊ. ಬಿಸಿಲು ಏರಿದೆ."

ನಾಕಾದ ಆಚೆ ನಿಂತಾಗಲೇ ಉಳಿದವರಿಗೆ ವಿಷಯ ಗೊತ್ತಾದದ್ದು. "ಅಯ್ಯೋ ದೇವರೇ, ನಾನು ಆ ವ್ಯಾನಿನಲ್ಲಿ ಅಂದ್ಕೊಂಡೆ!" "ನಾನು ಈ ವ್ಯಾನಿನಲ್ಲಿ ಅಂದ್ಕೊಂಡೆ!" ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಗು ಶುರುವಾಯಿತು. ರಿಕ್ಷಾ ಬಂದು ನಿಂತಾಗ ರಂಜನಾ ಫೋನ್ ಎತ್ತಿ ವಿಡಿಯೋ ಹಿಡಿದಳು. "ಬಂತು ಬಂತು, ಎರಡನೇ ಲಗೇಜು!"

ವಿಜೇತಾ ನಗಲು ನೋಡಿದಳು. ತುಟಿ ಹತೋಟಿಗೆ ಬರಲಿಲ್ಲ. ರಿಕ್ಷಾದವನು ಅವಳ ಕಪ್ಪು ಕನ್ನಡಕ ಸೀಟಿನಲ್ಲೇ ಉಳಿದದ್ದನ್ನು ಕಂಡು ಇಳಿದು ಬಂದು ಕೈಗಿತ್ತು ಹೋದ. ಅವಳು ಅದನ್ನು ಹಾಕಿಕೊಳ್ಳಲಿಲ್ಲ. ಮುಂದಿನ ವ್ಯಾನಿನಲ್ಲಿ ತನ್ನ ಜಾಗ ಖಾಲಿ ಇದ್ದರೂ ಹಿಂದಿನದಕ್ಕೆ ಹತ್ತಿದಳು. ಶೀಲಾವತಿ ಸರಿದು ಕೂತಳು. ಕ್ಷಮಿಸಿಬಿಟ್ಟಳು ಎಂದಲ್ಲ. ಅಳುತ್ತಿರುವವಳನ್ನು ನಿಂತೇ ಇರಲು ಬಿಡುವುದು ಹೇಗೆ?

ವ್ಯಾನ್ ಹೊರಟಿತು. ರಂಜನಾ ವಿಡಿಯೋವನ್ನು ಎಲ್ಲರಿಗೂ ಕಳಿಸುವುದರಲ್ಲಿ ಮುಳುಗಿದ್ದಳು. ವಿಜೇತಾ ಮಡಿಲಲ್ಲಿ ಕೈ ಕಟ್ಟಿಕೊಂಡು ಮೆಲ್ಲನೆ ಕೇಳಿದಳು:

"ಶೀಲಕ್ಕ, ಆ ದಿನ ಪಂಪಿನಲ್ಲಿ ನೀನು ಎಲ್ಲಿ ಕೂತಿದ್ದೆ? ನೆರಳಾದರೂ ಇತ್ತಾ?"

ಒಂದು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಸಂಘದವರು ಕೇಳಿರಲಿಲ್ಲ, ಮಗ ಕೇಳಿರಲಿಲ್ಲ. ಆದರೂ ಶೀಲಾವತಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಘೋಡಬಂದರ್ ತಿರುವು ಬರುವವರೆಗೂ ನೋಡುತ್ತಲೇ ಇದ್ದಳು.

ಕಾಯಲಿ.

ಆಮೇಲೆ ತಿರುಗಿ, "ಇರಲಿಲ್ಲ," ಎಂದಳು. "ಕೇಳು."